ನಿಂತವರ ಬ್ಯಾಗು

ಹೊರಡುವ ಮೊದಲು

ಬೈಂದೂರಿನಿಂದ ಕುಂದಾಪುರ, ಕುಂದಾಪುರದಿಂದ ಬ್ರಹ್ಮಾವರ. ನನ್ನ ಆಯುಷ್ಯದ ಮುಕ್ಕಾಲು ಪಾಲು ಪ್ರಯಾಣ ಇಷ್ಟೇ. ಆದರೆ ಇಷ್ಟು ದೂರವನ್ನು ನನಗಿಂತ ಹೆಚ್ಚು ಸಲ ಹೋಗಿ ಬಂದವರು ಯಾರಾದರೂ ಇದ್ದರೆ ಎದುರಿಗೆ ಬರಲಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬಸ್ಸಿನಲ್ಲಿ ಕ್ಲೀನರ್ ಆದೆ, ಮತ್ತೆ ಕಂಡಕ್ಟರ್ ಆದೆ. ಈಗ ಅದೇ ದಾರಿಯಲ್ಲಿ ನನ್ನದೇ ಒಂದು ಬಸ್ಸು ಓಡುತ್ತದೆ. ಯಾರ ಹಂಗಿನಲ್ಲೂ ಮಾಡಿದ್ದಲ್ಲ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಹೀಗಿದ್ದವನು ವಿಮಾನ ಹತ್ತಿದ್ದು ಮೊಮ್ಮಗಳಿಗಾಗಿ. ಮಗಳು ಸುಜಾತ ಐರ್ಲೆಂಡಿನಲ್ಲಿ ನರ್ಸ್. ಅಳಿಯನದ್ದು ಹಡಗಿನ ಕೆಲಸ, ಮನೆಯಲ್ಲಿ ಇದ್ದರೆ ಇದ್ದ. ಅವರ ಮಗಳು ಧನ್ಯ ನಮ್ಮ ಮನೆಯಲ್ಲೇ ಬೆಳೆದು, ಬೈಂದೂರಿನ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು ಮುಗಿಸಿದ್ದಳು. ಇನ್ನು ಅಮ್ಮನ ಹತ್ತಿರ ಇರಲಿ ಎಂದು ತೀರ್ಮಾನವಾಯಿತು. ಕರೆದುಕೊಂಡು ಹೋಗಿ, ಅವಳು ಅಲ್ಲಿಗೆ ಹೊಂದಿಕೊಳ್ಳುವವರೆಗೆ ಇದ್ದು ಬರುವ ಕೆಲಸ ನನ್ನ ಪಾಲಿಗೆ ಬಂತು.

ಹೊರಡುವಾಗ ಹೆಂಡತಿ ಗಿರಿಜೆ ಹೇಳಿದ್ದು ಒಂದೇ ಮಾತು: "ಅಲ್ಲ್ ಹೋಯಿ ಬಾಯ್ ಕಮ್ಮಿ ಮಾಡಿ. ಅದ್ ನಿಮ್ಮ್ ಬಸ್ ಅಲ್ಲ."

ಕಂಡಕ್ಟರ್ ಇಲ್ಲದ ಬಸ್ಸು

ಮಗಳಿರುವುದು ಐರ್ಲೆಂಡಿನ ಪಡುಬದಿಯ ಕಡಲ ತೀರದ ಒಂದು ಸಣ್ಣ ಪೇಟೆ. ಅಲ್ಲಿಯೂ ಸೂರ್ಯ ನಮ್ಮಲ್ಲಿಯ ಹಾಗೆ ಕಡಲಿಗೇ ಇಳಿಯುತ್ತಾನೆ, ಆದರೆ ಅವನು ಕಾಣಲು ಸಿಗುವುದು ಅಪರೂಪ. ಮಳೆ ನಮ್ಮದರ ಹಾಗೆ ಹೊಡೆದು ಬಡಿದು ಬರುವುದಿಲ್ಲ. ಬಂತೇ ಇಲ್ಲವೇ ಎಂದು ಯೋಚಿಸುತ್ತ ನಿಂತರೆ ಅಂಗಿ ನೆನೆದು ಚಂಡಿಯಾಗಿರುತ್ತದೆ.

ನಾನು ಮೊದಲು ನೋಡಿದ್ದು ಬಸ್ಸುಗಳನ್ನು. ಬೇರೆಯವರು ಚರ್ಚು ನೋಡುತ್ತಾರೆ, ಕೋಟೆ ನೋಡುತ್ತಾರೆ. ನನ್ನ ಕಣ್ಣು ಟಯರಿಗೇ ಹೋಗುತ್ತದೆ. ಅಲ್ಲಿ ಕಂಡಕ್ಟರ್ ಎಂಬುವವನೇ ಇಲ್ಲ. ಸೀಟಿ ಇಲ್ಲ, ರೈಟ್ ಇಲ್ಲ, "ಒಳ್ಗ್ ಒಳ್ಗ್" ಎಂದು ದೂಡುವವರಿಲ್ಲ. ಡ್ರೈವರನೇ ಟಿಕೆಟ್ ಕೊಟ್ಟು, ಬಾಗಿಲು ಮುಚ್ಚಿ, ಬಸ್ಸನ್ನೂ ಓಡಿಸುತ್ತಾನೆ. ಒಳಗೆ ಸಾವಿನ ಮನೆಯಷ್ಟು ಮೌನ. ಇಳಿಯುವಾಗ ಮಾತ್ರ ಒಬ್ಬೊಬ್ಬರೂ ಡ್ರೈವರನ ಕಡೆ ತಿರುಗಿ "ಥ್ಯಾಂಕ್ಸ್" ಹೇಳುತ್ತಾರೆ. ಮುದುಕರು ಹೇಳುತ್ತಾರೆ, ಕಿವಿಗೆ ವಯರು ಸಿಕ್ಕಿಸಿಕೊಂಡ ಹುಡುಗರೂ ಹೇಳುತ್ತಾರೆ. ನಮ್ಮ ಬಸ್ಸಿನಿಂದ ಇಳಿದವರು ನನಗೆ ಬೈದದ್ದು ನೆನಪಿದೆ, ಚಿಲ್ಲರೆಗಾಗಿ ಜಗಳ ಆಡಿದ್ದು ನೆನಪಿದೆ. ಥ್ಯಾಂಕ್ಸ್ ಹೇಳಿದವರು ಯಾರೆಂದು ನೆನಪು ಮಾಡಿಕೊಳ್ಳುತ್ತ ಮನೆಯ ಸ್ಟಾಪು ದಾಟಿ ಮುಂದಕ್ಕೆ ಹೋಗಿಬಿಟ್ಟೆ. ಕಂಡಕ್ಟರನಾಗಿದ್ದವನು ಸ್ಟಾಪು ತಪ್ಪಿಸಿಕೊಂಡ ಸುದ್ದಿ ಊರಿಗೆ ಹೋಗಬಾರದೆಂದು ಧನ್ಯಳಿಂದ ಆಣೆ ಮಾಡಿಸಿಕೊಂಡೆ.

ಪಕ್ಕದ ಮನೆಯ ಮುದುಕಿ ಮೊರೀನಮ್ಮನದ್ದು ಇನ್ನೊಂದು ಕಥೆ. ನಾನು ಏನು ಹೇಳಿದರೂ ಅವರು ಸರ್ರನೆ ಉಸಿರು ಒಳಕ್ಕೆ ಎಳೆಯುತ್ತಿದ್ದರು. ದಮ್ಮಿನ ಕಾಯಿಲೆ ಇರಬೇಕೆಂದು ಸುಜಾತನಿಗೆ ಹೇಳಿದೆ, ಹೇಗೂ ನರ್ಸ್ ಅಲ್ಲವೇ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಯ್ಯ, ಅದ್ ದಮ್ಮ್ ಅಲ್ಲ. ಇಲ್ಲಿಯೋರ್ 'ಹೌದ್' ಅಂಬುದೇ ಹಾಂಗೆ."

ಉಸಿರು ಎಳೆದರೆ ಹೌದು ಎನ್ನುವ ಊರಿಗೆ ನಮ್ಮ ಹುಡುಗಿ ಬಂದಿದ್ದಳು. ಅವಳು ಇಲ್ಲ ಎನ್ನಬೇಕಾದರೆ ನಮ್ಮೂರ ಮಕ್ಕಳ ಹಾಗೆ ನಾಲಿಗೆಯಲ್ಲಿ "ಚ್ಚ" ಎನ್ನುತ್ತಾಳೆ. ಶಾಲೆಯಲ್ಲಿ ಅವಳಿಂದ ಹೊರಟ ಸದ್ದು ಅದೊಂದೇ ಎಂದು ನಮಗೆ ಗೊತ್ತಾದದ್ದು ತಡವಾಗಿ.

ಅಷ್ಟರಲ್ಲಿ ನಾನು ಮನೆಯಲ್ಲಿ ಒಂದು ಕಾನೂನು ಮಾಡಿದ್ದೆ. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡದಲ್ಲಿ ಬಾಯಿ ಬಿಡಬಾರದು. ಮನೆಯೊಳಗೆ ಇಂಗ್ಲಿಷೇ ಆಗಬೇಕು. ನಾನು ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಹಿಂದಿ ಕಲಿತದ್ದು, ಕೊಲ್ಲೂರಿಗೆ ಹೋಗುವ ಫಾರಿನ್ನಿನವರ ಹತ್ತಿರ ನಾಲ್ಕು ಇಂಗ್ಲಿಷ್ ಕಲಿತದ್ದು ಹಾಗೇ, ನೀರಿಗೆ ಬಿದ್ದು. ಅವಳೂ ಬೀಳಲಿ. "ರೈಸ್ ವಾಂಟ್? ವಾಟರ್ ಬ್ರಿಂಗ್? ಫಾಸ್ಟ್ ಫಾಸ್ಟ್!" ಎಂದು ನನ್ನ ಇಂಗ್ಲಿಷ್ ದಿನವಿಡೀ ಓಡಿತು. ಹುಡುಗಿ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು.

ಫೋನಿನಲ್ಲಿ ಗಿರಿಜೆ ಕೇಳಿದಳು, "ಹುಡ್ಗಿ ಎಂತಕೆ ಮಾತಾಡ್ತಿಲ್ಲೆ?"

"ಇಂಗ್ಲಿಷ್ ಕಲಿತಾ ಇತ್ತ್."

"ಯಾರ್ ಕಲ್ಸುದ್? ನೀವಾ?" ಎಂದವಳೇ ಅತ್ತ ಕಡೆಯಿಂದ ನಕ್ಕ ಸದ್ದು ಇಡೀ ಅಡುಗೆ ಮನೆಗೆ ಕೇಳಿತು. ಫೋನನ್ನು ಕಿವಿಗೆ ಒತ್ತಿಕೊಂಡೆ.

ಸಣ್ಣ ಕುರ್ಚಿ

ಶಾಲೆಯಿಂದ ಕರೆ ಬಂತು. ಸುಜಾತ ರಜೆ ಹಾಕಿದಳು, ನಾನೂ ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದವನಿಗೆ ಅವರು ಕೊಟ್ಟದ್ದು ಒಂದು ಮಕ್ಕಳ ಕುರ್ಚಿ. ಆ ಕೋಣೆಯಲ್ಲಿ ಬೇರೆ ಇರಲಿಲ್ಲ. ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತೆ. ಬಸ್ಸಿನ ಮಾಲೀಕ!

ಹೊರಗಿನಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಕಲಿಸಲೆಂದೇ ಆ ಶಾಲೆಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಹೆಸರು ನೋರಾ. ಕೂದಲು ನೆರೆತವರು, ಮಾತು ನಿಧಾನ. ಮಕ್ಕಳು ಅವರನ್ನು ಬರೇ ನೋರಾ ಎಂದು ಕರೆಯುತ್ತಿದ್ದರು. ನನಗೆ ಅದು ಬಾಯಿಗೆ ಬರಲಿಲ್ಲ, ನೋರಾ ಟೀಚರ್ ಎಂದೇ ಕರೆದೆ.

ಅವರು ಹೇಳಿದ್ದನ್ನು ಸುಜಾತ ಕನ್ನಡದಲ್ಲಿ ಹೇಳುತ್ತ ಹೋದಳು. ಬಂದ ದಿನದಿಂದ ಧನ್ಯ ಶಾಲೆಯಲ್ಲಿ ಒಂದು ಮಾತೂ ಆಡಿಲ್ಲ. ಹೊಸ ಮಕ್ಕಳು ಕೆಲವು ಕಾಲ ಸುಮ್ಮನಿರುವುದು ಇದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದು ಪರೀಕ್ಷೆ ಮಾಡಬೇಕು: ಎಷ್ಟು ಅರ್ಥವಾಗುತ್ತದೆ, ಎಷ್ಟು ಹೇಳಲು ಬರುತ್ತದೆ, ಎಷ್ಟು ಓದಲು ಬರುತ್ತದೆ. ಅದರಲ್ಲಿಯೂ ಬಾಯಿ ಬಿಡದಿದ್ದರೆ ಅವಳನ್ನು ಪುಟ್ಟ ಮಕ್ಕಳ ಕ್ಲಾಸಿಗೆ ಕೂರಿಸಿ, ಬುದ್ಧಿ ಬೆಳವಣಿಗೆ ಪರೀಕ್ಷಿಸುವ ಡಾಕ್ಟರಿಗೆ ತೋರಿಸಬೇಕು ಎಂದು ಹೆಡ್‌ಮಾಸ್ಟರ್ ಹೇಳುತ್ತಿದ್ದಾರೆ.

ಪುಟ್ಟ ಮಕ್ಕಳ ಕ್ಲಾಸು ಎಂದರೆ ನಾನು ಕೂತಿದ್ದೆನಲ್ಲ, ಆ ಕುರ್ಚಿಯ ಕ್ಲಾಸು. ಬೈಂದೂರಿನಲ್ಲಿ ಭಾಗಾಕಾರ ಮಾಡುತ್ತಿದ್ದ ಹುಡುಗಿ! ನನ್ನ ರಕ್ತ ಕುದಿಯಿತು.

"ಎಂತ, ಹುಡ್ಗಿಗ್ ತಲಿ ಸಮಾ ಇಲ್ಲೆ ಅಂಬ್ರಾ ಇವ್ರ್?"

"ಅಪ್ಪಯ್ಯ, ಮೆಲ್ಲ. ಇವ್ರ್ ಹಾಂಗ್ ಹೇಳ್ತಾ ಇಲ್ಲೆ."

ನೋರಾ ಟೀಚರಿಗೆ ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯಿತು. ಅವರು ತಮ್ಮ ಅನುಮಾನ ಹೇಳಿದರು. ಆ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಐರಿಶ್ ಭಾಷೆಯ ಪಾಠ ಇದೆ. ಅದು ಆ ಮಕ್ಕಳಲ್ಲಿ ಹೆಚ್ಚಿನವರಿಗೂ ಮನೆಯ ಮಾತಲ್ಲ, ಹೊಸದಾಗಿ ಕಲಿಯುವಂಥದ್ದು. ಆ ಪಾಠದಲ್ಲಿ ಧನ್ಯ ಬಾಯಿ ಬಿಡದಿದ್ದರೂ ಟೀಚರ್ ಹೇಳಿದ ಚಿತ್ರವನ್ನು ಉಳಿದವರಷ್ಟೇ ಬೇಗ ಮುಟ್ಟಿ ತೋರಿಸುತ್ತಾಳೆ. ಎಲ್ಲರೂ ಒಂದೇ ಗೆರೆಯಲ್ಲಿ ನಿಂತಾಗ ಹಿಂದೆ ಬೀಳದ ಹುಡುಗಿ ದಡ್ಡಿ ಹೇಗಾಗುತ್ತಾಳೆ?

ನನಗೆ ಆ ಹೆಂಗಸಿನ ಮೇಲೆ ಗೌರವ ಬಂತು. ನಮ್ಮ ಬಸ್ಸಿಗೆ ಚೆಕಿಂಗಿನವರು ಹತ್ತಿದರೆ ಟಿಕೆಟ್ ಉಂಟೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಎಲ್ಲಿಂದ ಹತ್ತಿದ, ಎಷ್ಟು ದೂರ ನಿಂತುಕೊಂಡೇ ಬಂದ ಎಂದು ಕೇಳುವುದಿಲ್ಲ. ಇವರು ಅದನ್ನೂ ನೋಡಲು ಹೊರಟಿದ್ದರು.

ಆದರೆ ಮುಂದಿನ ಮಾತು ನನಗೆ ಸರಿ ಬರಲಿಲ್ಲ. ಪರೀಕ್ಷೆಯವರೆಗೆ ಮನೆಯಲ್ಲಿ ಇಂಗ್ಲಿಷ್ ಬೇಡ, ಕನ್ನಡದಲ್ಲಿ ಅವಳ ಹತ್ತಿರ ಮಾತಾಡಿ, ಕಥೆ ಹೇಳಿಸಿ ಎಂದರು. ಪರೀಕ್ಷೆಯ ದಿನ ನಾನೂ ಕೋಣೆಯಲ್ಲಿ ಇರಬಹುದು, ಅವಳು ಬೇಕಾದರೆ ಮೊದಲು ಕನ್ನಡದಲ್ಲೇ ಹೇಳಲಿ ಎಂದರು.

"ಕನ್ನಡ ಮಾತಾಡುಕೆ ಇಷ್ಟ್ ದೂರ ಬರ್ಕಿತ್ತಾ?" ಎಂದೆ. ಸುಜಾತ ಅದನ್ನು ಹೇಗೆ ಹೇಳಿದಳೋ.

ನೋರಾ ಟೀಚರ್ ತಮ್ಮ ಅಜ್ಜಿಯ ವಿಷಯ ಹೇಳಿದರು. ಅಜ್ಜಿಗೆ ಚಿಕ್ಕಂದಿನಲ್ಲಿ ಬರುತ್ತಿದ್ದದ್ದು ಐರಿಶ್ ಒಂದೇ. ಮಕ್ಕಳು ಮುಂದೆ ಬರಲಿ ಎಂದು ಅವರು ಇಂಗ್ಲಿಷ್ ಕಲಿತು, ಮನೆಯಲ್ಲಿ ಐರಿಶ್ ಆಡುವುದನ್ನೇ ಬಿಟ್ಟರಂತೆ. ಮಕ್ಕಳು ಮುಂದೆ ಬಂದರು. ಆದರೆ ಅಜ್ಜಿ ಕೊನೆಗಾಲದಲ್ಲಿ ಇಂಗ್ಲಿಷ್ ಮರೆತು ಐರಿಶ್ ಮಾತಾಡಲು ಶುರು ಮಾಡಿದಾಗ ನೀರು ಕೇಳಿದರೂ ಮನೆಯವರಿಗೆ ತಿಳಿಯುತ್ತಿರಲಿಲ್ಲ. "ನಾನು ಅಜ್ಜಿಯ ಭಾಷೆಯನ್ನು ಆಮೇಲೆ ಪುಸ್ತಕದಿಂದ ಕಲಿತೆ" ಎಂದು ನಕ್ಕರು. ಅದು ನಗುವ ಮಾತಲ್ಲ ಎಂದು ನನಗೂ ಅನ್ನಿಸಿತು. ಆದರೂ ಬಾಯಲ್ಲಿ ಒಪ್ಪಿಕೊಳ್ಳಲಿಲ್ಲ. ಆ ಕುರ್ಚಿಯಿಂದ ಏಳುವುದೇ ಕಷ್ಟವಾಯಿತು.

ಪೇಟೆಯ ತಿರುವು

ಮಾರನೆಯ ದಿನ ಧನ್ಯಳನ್ನು ಶಾಲೆಯಿಂದ ಕರೆದುಕೊಂಡು ಪೇಟೆಗೆ ಹೋಗಿ ಬರುತ್ತಿದ್ದೆ. ಬಸ್ಸಿನಲ್ಲಿ ನಮಗಿಬ್ಬರಿಗೂ ಸೀಟು ಸಿಕ್ಕಿತ್ತು. ಪೇಟೆ ದಾಟುವಾಗ ಜನ ತುಂಬಿದರು. ಒಬ್ಬ ಹೆಂಗಸು ಕೈಯಲ್ಲಿ ದೊಡ್ಡ ಚೀಲ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತರು. ತಿರುವಿನಲ್ಲಿ ಬಸ್ಸು ವಾಲಿತು, ಅವರೂ ವಾಲಿದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ಬಿಟ್ಟ ಹೊತ್ತಿಗೆ ಕುಂದಾಪುರದಲ್ಲಿ ಬಸ್ಸು ಹತ್ತಿದರೆ, ನಿಂತವರ ಬ್ಯಾಗು ಕೂತವರ ಮಡಿಲಿಗೆ ತಾನಾಗಿ ಬಂದು ಬೀಳುತ್ತದೆ. ಗುರುತು ಪರಿಚಯ ಬೇಡ. ಕೂತವರೇ ಕೈ ಚಾಚಿ "ತಾ ಇಲ್ಲ್" ಎಂದು ಎಳೆದುಕೊಳ್ಳುವುದೂ ಉಂಟು. ಮೀನು ಮಾರಿ ಬಂದ ಹೆಂಗಸಿನ ಮಡಿಲಲ್ಲಿ ಕಾನ್ವೆಂಟಿನ ಬ್ಯಾಗು, ಬ್ಯಾಂಕಿನವರ ಮಡಿಲಲ್ಲಿ ಬೀಡಿಯ ಕಟ್ಟು.

ಕೈ ತಾನಾಗಿ ಹೋಯಿತು. "ಗಿವ್, ಗಿವ್" ಎಂದು ಚೀಲ ಹಿಡಿದು ನನ್ನ ಮಡಿಲಿಗೆ ಎಳೆದೆ. ಆಕೆ ಕಿರುಚಲಿಲ್ಲ, ಅಷ್ಟು ಪುಣ್ಯ. ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹಿಂದಕ್ಕೆ ಸರಿದರು. ನಾನು ಇನ್ನೂ ಒಮ್ಮೆ ಎಳೆದೆ. ಅವರಿಗೆ ಸಂಕೋಚ ಇರಬೇಕು ಎಂದುಕೊಂಡಿದ್ದೆ. ಇಡೀ ಬಸ್ಸು ನನ್ನನ್ನೇ ನೋಡಿತು. ಡ್ರೈವರನ ಕಣ್ಣು ಕನ್ನಡಿಯಲ್ಲಿ ಕಂಡಿತು. ಮಾನ ಮರ್ಯಾದೆಯಿಂದ ಬದುಕಿದ ನಾನು ಹೊರದೇಶದಲ್ಲಿ ಚೀಲಗಳ್ಳನಾದೆ.

ಆಗ ಪಕ್ಕದಲ್ಲಿ ಕಿಸಕ್ಕೆಂದಿತು. ಧನ್ಯ ನಗುತ್ತಿದ್ದಳು. ಆ ದೇಶಕ್ಕೆ ಬಂದ ಮೇಲೆ ಅವಳ ನಗುವನ್ನು ಕೇಳಿದ್ದೇ ಆಗ.

"ಅಜ್ಜಯ್ಯ, ಇಲ್ಲ್ ಹಾಂಗೆಲ್ಲ ಇಲ್ಲೆ."

"ನಿಂಗ್ ಹ್ಯಾಂಗ್ ಗೊತ್ತ್?"

ನಗು ನಿಂತಿತು. ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು. "ಫಸ್ಟ್ ದಿನ ಶಾಲಿಗ್ ಹೋಪತ್ತಿಗೆ ನೀವ್ ಹಿಂದ್ ಕೂಕಂಡಿದ್ರಿ, ಬಸ್ಸಂಗೆ ನಾನ್ ಮುಂದ್ ನಿಂತ್ಕಂಡಿದ್ದೆ. ಎರಡ್ ಜಡಿ ಹಾಕ್ಕಂಡದ್ ಒಂದ್ ಹೆಣ್ಣ್ ಕೂಕಂಡಿತ್ತ್. ಅದ್ರ್ ಮಡ್ಲಂಗೆ ಬ್ಯಾಗ್ ಇಟ್ಟೆ. ಅದ್ ಕೆಳ್ಗ್ ದೂಡ್ತ್. ಟಿಫಿನ್ ಬಾಕ್ಸ್ ಉರುಳಿ ಮುಂದ್ ಹೋಯ್ತ್. ಎಲ್ಲ ನೆಗಾಡ್ರ್."

"ಮತ್ತೆ?"

"ಮತ್ತೆಂತ. ಬಾಯ್ ಬಿಟ್ರೆ ಇನ್ನೂ ನೆಗಾಡ್ತ್ರ್ ಅಂದೇಳಿ ಸುಮ್ನಾದೆ."

ಮನೆಯಲ್ಲಿ ನನ್ನ ಇಂಗ್ಲಿಷ್ ಕಾನೂನು ಇಲ್ಲದಿದ್ದರೆ ಈ ಮಾತು ಅವತ್ತೇ ಸಂಜೆ ಹೊರಗೆ ಬರುತ್ತಿತ್ತೋ ಏನೋ. ಹೇಳಲು ಭಾಷೆ ಇದ್ದ ಜಾಗದಲ್ಲಿ ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ "ಅನ್ನ ಬೇಕಾ ಮಗಾ?" ಎಂದೆ. ಸುಜಾತ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಧನ್ಯ ಅನ್ನ ಬೇಕು ಎಂದಳು, ಸಾರು ಚಪ್ಪೆ ಎಂದಳು, ಅಮ್ಮಮ್ಮನ ಸಾರೇ ಒಳ್ಳೆಯದು ಎಂದಳು, ಮಲಗುವವರೆಗೂ ಮಾತು ನಿಲ್ಲಿಸಲಿಲ್ಲ.

ಚಿತ್ರದ ಕಾರ್ಡು

ಪರೀಕ್ಷೆಯ ದಿನ ಸುಜಾತನಿಗೆ ಡ್ಯೂಟಿ. ನಾನೊಬ್ಬನೇ ಹೋದೆ. ನೋರಾ ಟೀಚರ್ ನನಗಾಗಿ ಎಲ್ಲಿಂದಲೋ ದೊಡ್ಡ ಕುರ್ಚಿ ತರಿಸಿ ಮೂಲೆಯಲ್ಲಿ ಇಟ್ಟಿದ್ದರು. ತುಟಿಯ ಮೇಲೆ ಬೆರಳಿಟ್ಟು ನನಗೆ ಹೇಳಿದರು: ನೀವು ಉತ್ತರ ಹೇಳಿಕೊಡಬಾರದು. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮೊದಲು ಮಾತು ಕೇಳಿ ಚಿತ್ರ ಮುಟ್ಟುವುದು. ಧನ್ಯ ಮುಟ್ಟಿದಳು, ಹೆಚ್ಚಿನದೆಲ್ಲ ಸರಿ. ಓದುವುದಕ್ಕೆ ಕೊಟ್ಟಾಗ ಅಕ್ಷರಗಳನ್ನು ನೋಡಿ "ಚ್ಚ" ಎಂದಳು. ಟೀಚರ್ ಬೇಸರ ಮಾಡಿಕೊಳ್ಳಲಿಲ್ಲ. ಆ "ಚ್ಚ" ಅಂದರೆ ಇಲ್ಲ ಎಂದು ಸುಜಾತ ಹೇಳಿಟ್ಟಿದ್ದಳು. ಆಮೇಲೆ ಮಾತಾಡುವ ಭಾಗ. ಒಂದೊಂದೇ ಚಿತ್ರ ಎದುರಿಗಿಟ್ಟು ಏನಾಗುತ್ತಿದೆ ಎಂದು ಕೇಳಿದರು. ನಾಯಿ, ಮರ, ಹುಟ್ಟುಹಬ್ಬ. ಧನ್ಯ ಬಾಯಿ ಬಿಡಲಿಲ್ಲ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಕಾರ್ಡುಗಳ ಕಟ್ಟು ಸಣ್ಣದಾಗುತ್ತ ಬಂತು.

ಆಗ ಬಂತು ಬಸ್ಸಿನ ಚಿತ್ರ. ತುಂಬಿದ ಬಸ್ಸು. ಒಬ್ಬ ಮುದುಕ ಕೂತಿದ್ದಾನೆ, ಮಡಿಲಲ್ಲಿ ಒಂದು ಬ್ಯಾಗು. ಪಕ್ಕದಲ್ಲಿ ಒಬ್ಬ ಹುಡುಗಿ ಕಂಬ ಹಿಡಿದು ನಿಂತಿದ್ದಾಳೆ.

ಟೀಚರ್ ಬೆರಳಿಟ್ಟು ಕೇಳಿದರು, ಈ ಬ್ಯಾಗು ಯಾರದ್ದು?

ಧನ್ಯ ತಡ ಮಾಡಲಿಲ್ಲ. ನಿಂತ ಹುಡುಗಿಯನ್ನು ಮುಟ್ಟಿದಳು.

ಇನ್ನೊಮ್ಮೆ ನೋಡು, ಬ್ಯಾಗು ಎಲ್ಲಿದೆ ಎಂದರು. ಧನ್ಯ ಮುದುಕನ ಮಡಿಲನ್ನು ಮುಟ್ಟಿದಳು. ಹಾಗಾದರೆ ಯಾರದ್ದು? ಮತ್ತೆ ನಿಂತ ಹುಡುಗಿಯ ಮೇಲೇ ಬೆರಳು.

ತಪ್ಪು ಹಾಕಲು ಟೀಚರ್ ಪೆನ್ನು ಎತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ, ಅರ್ಧ ಎದ್ದೇಬಿಟ್ಟೆ. ನನ್ನನ್ನು ಕೇಳಿದರೂ ನಾನು ಹೇಳುತ್ತಿದ್ದದ್ದು ಅದನ್ನೇ! ಬಾಯಿಗೆ ಬಂದ ಮಾತನ್ನು ಹೇಗೋ ನುಂಗಿ ಎರಡೇ ಪದ ಹೇಳಿದೆ: "ಆಸ್ಕ್ ವೈ."

ನೋರಾ ಟೀಚರ್ ನನ್ನನ್ನು ನೋಡಿದರು. ಪೆನ್ನು ಕೆಳಗಿಟ್ಟು ಧನ್ಯಳ ಕಡೆ ಬಾಗಿ ಕೇಳಿದರು, "ವೈ?"

ಧನ್ಯ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು, "ಅಜ್ಜಯ್ಯ, ಹೇಳುಕ್ ಬತ್ತಿಲ್ಲೆ."

ಟೀಚರ್ ನನಗೆ ಕೈ ಸನ್ನೆ ಮಾಡಿದರು, ನಿಮ್ಮ ಭಾಷೆಯಲ್ಲಿ ಮಾತಾಡಿ ಎಂಬಂತೆ. ನಾನು ಉತ್ತರ ಹೇಳಿಕೊಡಲಿಲ್ಲ. "ಹೇಳುಕ್ ಬತ್ತಿಲ್ದಿರೆ ತೋರ್ಸ್ ಮಗಾ" ಎಂದೆ ಅಷ್ಟೇ.

ಹುಡುಗಿ ಎದ್ದಳು. ಮೂಲೆಯಲ್ಲಿದ್ದ ತನ್ನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ಮೇಲೆ ಒಂದು ಸರಳು ಇದೆ ಎಂಬಂತೆ ಕೈ ಎತ್ತಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿದಳು. "ಒಳ್ಗ್ ಒಳ್ಗ್! ಮುಂದೆ ಜಾಗ ಇತ್ತ್ ಕಾಣಿ!" ಎಂದು ನನ್ನ ದನಿಯಲ್ಲೇ ಕೂಗಿದಳು. ಆ ಕೋಣೆಯ ಬಾಗಿಲಿನಾಚೆ ಯಾರೋ ನಿಂತು ನೋಡಿದರು. ಆಮೇಲೆ ಬ್ಯಾಗನ್ನು ಹೆಗಲಿನಿಂದ ಇಳಿಸಿ ಧಡ್ ಎಂದು ಟೀಚರ ಮಡಿಲಿಗೆ ಹಾಕಿದಳು.

"ಬಸ್ ಫುಲ್" ಎಂದಳು. "ಯು ಸಿಟ್. ಐ ಸ್ಟ್ಯಾಂಡ್. ಯು ಹೋಲ್ಡ್. ಮೈ ಬ್ಯಾಗ್."

ನೋರಾ ಟೀಚರ್ ಅಲುಗಾಡಲಿಲ್ಲ. ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು, ನಮ್ಮ ಬಸ್ಸಿನಲ್ಲಿ ಹುಟ್ಟಿ ಬೆಳೆದವರ ಹಾಗೆ. ನನ್ನ ಸ್ಟಾಪು ಬಂದು ನಾನು ಇಳಿಯಬೇಕಾದರೆ ಏನು ಮಾಡಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಇಷ್ಟೂ ತಿಳಿಯದವರು ಇದ್ದಾರಾ ಎಂಬಂತೆ ಧನ್ಯ ಹುಬ್ಬು ಏರಿಸಿದಳು. "ಗಿವ್ ನೆಕ್ಸ್ಟ್ ಆಂಟಿ!"

ಟೀಚರ್ ನಕ್ಕ ನಗು ನನಗೆ ಇಂದಿಗೂ ಕಿವಿಯಲ್ಲಿದೆ. ಆದರೆ ನಕ್ಕು ಮುಗಿಸಿ ಅವರು ಆ ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡರು. ಇದನ್ನು ಎಷ್ಟೋ ಮಕ್ಕಳಿಗೆ ತೋರಿಸಿದ್ದೇನೆ, ನಿಂತ ಹುಡುಗಿಯನ್ನು ಮುಟ್ಟಿದವರು ಮೊದಲೂ ಇದ್ದಿರಬಹುದು, ನಾನು ವೈ ಎಂದು ಕೇಳಿರಲಿಲ್ಲ ಎಂದರು. ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು.

ಸಂಜೆ ಸುಜಾತನಿಗೆ ಫೋನು ಬಂತು. ಓದುವುದರಲ್ಲಿ ಧನ್ಯ ತೀರಾ ಕೆಳಗಿದ್ದಾಳೆ, ಅದನ್ನು ಮುಚ್ಚಿಡುವುದಿಲ್ಲ ಎಂದರಂತೆ ನೋರಾ ಟೀಚರ್. ಆದರೆ ತನ್ನ ಕ್ಲಾಸಿನಲ್ಲೇ ಇರುತ್ತಾಳೆ. ದಿನಾ ಒಂದು ಹೊತ್ತು ತಮ್ಮ ಹತ್ತಿರ ಬರಲಿ ಎಂದರಂತೆ. ಡಾಕ್ಟರ್ ಬೇಡ, ಸಣ್ಣ ಕುರ್ಚಿಯೂ ಬೇಡ. ಸುಜಾತ ಫೋನಿಟ್ಟು ನೆಲದ ಮೇಲೆ ಕೂತು ಅತ್ತಳು. ಏನಾಯಿತೆಂದು ಮೊರೀನಮ್ಮ ಬಂದು ಕೇಳಿದರು. "ಪಾಸ್" ಎಂದೆ. ಅವರು ಸರ್ರನೆ ಉಸಿರು ಒಳಕ್ಕೆ ಎಳೆದರು.

ಕೊನೆಯ ಟ್ರಿಪ್ಪು

ನಾನು ಊರಿಗೆ ಹೊರಡುವ ಹಿಂದಿನ ದಿನ. ಎಂದಿನ ಹಾಗೆ ಧನ್ಯಳನ್ನು ಶಾಲೆಗೆ ಬಿಡಲು ಬಸ್ಸು ಹತ್ತಿದೆ. ಚಳಿ ಶುರುವಾಗಿತ್ತು, ಹೊರಗೆ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಬಸ್ಸು ತುಂಬ ಶಾಲೆಯ ಮಕ್ಕಳು. ಯಾರೋ ಎದ್ದು ನನಗೆ ಜಾಗ ಕೊಟ್ಟರು. ಧನ್ಯ ನಿಂತಳು. ಅವಳ ಪಕ್ಕಕ್ಕೆ ಬಂದು ನಿಂತದ್ದು ಎರಡು ಜಡೆಯ ಒಬ್ಬ ಹುಡುಗಿ, ಹೆಸರು ಈಫಾ. ಮೊದಲ ದಿನ ಬ್ಯಾಗು ದೂಡಿದ ಹುಡುಗಿ ಅವಳೇ. ಈಗ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರಂತೆ.

ಧನ್ಯ ಮಾತಾಡುತ್ತಲೇ ಬ್ಯಾಗು ಇಳಿಸಿ ನನ್ನ ಮಡಿಲಿಗೆ ಹಾಕಿದಳು. ನನ್ನ ಮುಖವನ್ನೂ ನೋಡಲಿಲ್ಲ. ಈಫಾ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಧನ್ಯಳನ್ನು ನೋಡಿದಳು. ಆಮೇಲೆ ತನ್ನ ಬ್ಯಾಗನ್ನೂ ಇಳಿಸಿ ಅದರ ಮೇಲೆ ಇಟ್ಟಳು. ಧನ್ಯ ಏನೋ ಹೇಳಿದಳು, ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವಳ ಇಂಗ್ಲಿಷ್ ಆಗಲೇ ನನ್ನ ಇಂಗ್ಲಿಷನ್ನು ದಾಟಿ ಹೋಗಿತ್ತು. ಏನು ಹೇಳಿದಳೆಂದು ನನಗೆ ತಿಳಿಯಲಿಲ್ಲ. ಬ್ಯಾಗುಗಳು ಭಾರ ಇದ್ದವು. ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಶಾಲೆಯ ಸ್ಟಾಪು ಬಂತು. ಇಬ್ಬರೂ ನನ್ನ ಮಡಿಲಿನಿಂದ ಬ್ಯಾಗು ಎಳೆದುಕೊಂಡು ಬಾಗಿಲಿಗೆ ಓಡಿದರು. ಡ್ರೈವರನಿಗೆ ಜೋರಾಗಿ ಥ್ಯಾಂಕ್ಸ್ ಹೇಳಿದರು.

ನನಗೆ ಹೇಳಲಿಲ್ಲ. ನಮ್ಮೂರಲ್ಲಿ ಬ್ಯಾಗು ಹಿಡಿದವರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ.